ಸಹಾಯ ಬೇಕು: ಆಬ್ಜೆಕ್ಟ್ ಡೇಟಾಬೇಸ್‌ಗೆ ಯಾವ ಇಂಡೆಕ್ಸ್ ಹಾಕಲಿ?

ಎಲ್ಲರಿಗೂ ನಮಸ್ಕಾರ. ಜೆ.ಸಿ. ರಸ್ತೆಯ ಒಂದು ಸ್ಪೇರ್ ಪಾರ್ಟ್ಸ್ ಅಂಗಡಿಗೆ ಸ್ಟಾಕ್ ನೋಡುವ ಸಾಫ್ಟ್‌ವೇರ್ ಬರೆದುಕೊಟ್ಟಿದ್ದೇನೆ. ಭಾಷೆ ಪೈಥಾನ್, ಡೇಟಾ ಇರುವುದು ಝಡ್‌ಓಡಿಬಿಯಲ್ಲಿ (ಪೈಥಾನ್ ಆಬ್ಜೆಕ್ಟ್‌ಗಳನ್ನು ಹಾಗೆಯೇ ಉಳಿಸಿಡುವ ಡೇಟಾಬೇಸ್). 'ಪಾರ್ಟ್' ಮೂಲ ಕ್ಲಾಸ್. ಕ್ಲಚ್ ಪ್ಲೇಟ್, ಬ್ರೇಕ್ ಪ್ಯಾಡ್, ಬೇರಿಂಗ್ ಅದರ ಸಬ್‌ಕ್ಲಾಸ್‌ಗಳು. 500 ರೂಪಾಯಿ ಒಳಗಿನವು ಯಾವುವು ಎಂದು ಕೇಳಿದರೆ ಎಲ್ಲಾ ಆಬ್ಜೆಕ್ಟ್‌ಗಳನ್ನೂ ಒಂದೊಂದಾಗಿ ತೆರೆದು ನೋಡುತ್ತದೆ. ಅಷ್ಟರಲ್ಲಿ ಯಜಮಾನರು ಕಾಫಿ ಕುಡಿದು ಬಂದಿರುತ್ತಾರೆ!

ಬಿ-ಟ್ರೀ ಇಂಡೆಕ್ಸ್ (ಬೆಲೆಯಂಥ ಮೌಲ್ಯಗಳನ್ನು ಕ್ರಮವಾಗಿ ಜೋಡಿಸಿಟ್ಟು ಬೇಗ ಹುಡುಕಿಕೊಡುವ ಪಟ್ಟಿ) ನಾವೇ ಕಟ್ಟಿಕೊಳ್ಳಬೇಕು, ಅದು ಗೊತ್ತು. ಪ್ರತಿ ಸಬ್‌ಕ್ಲಾಸ್‌ಗೂ ಒಂದೊಂದು ಕಟ್ಟಲೋ, ಎಲ್ಲಕ್ಕೂ ಸೇರಿಸಿ ಒಂದೇ ಸಾಕೋ? ಒಂದೇ ಆದರೆ ಬರೀ ಬೇರಿಂಗ್ ಹುಡುಕುವಾಗಲೂ ಉಳಿದವನ್ನು ಸುಮ್ನೆ ದಾಟಿಕೊಂಡು ಹೋಗಬೇಕು, ಅಲ್ವಾ?

ನಿಜವಾದ ತಲೆನೋವು ಬೇರೆ. ಪಾರ್ಟ್‌ನಿಂದ ಕಂಪನಿಗೆ, ಕಂಪನಿಯಿಂದ ಅದರ ಊರಿಗೆ ಕೊಂಡಿ ಇದೆ. "ಪುಣೆ ಕಂಪನಿಗಳ ಮಾಲು ಎಷ್ಟಿದೆ?" ಎಂದರೆ ಎರಡು ಹೆಜ್ಜೆ. ಡೇಟಾಬೇಸ್ ಸಂಶೋಧಕರಾದ ಬರ್ಟಿನೊ ಮತ್ತು ಕಿಮ್ 1989ರಲ್ಲಿ ವಿವರಿಸಿದ ನೆಸ್ಟೆಡ್ ಇಂಡೆಕ್ಸ್‌ನಲ್ಲಿ ಊರಿನಿಂದ ನೇರವಾಗಿ ಪಾರ್ಟ್‌ಗೆ ಹೋಗಬಹುದು. ಆದರೆ ಕಂಪನಿಯ ಊರು ಬದಲಾದರೆ ಅದರ ಅಷ್ಟೂ ಪಾರ್ಟ್‌ಗಳನ್ನು ಹುಡುಕಿ ಇಂಡೆಕ್ಸ್ ತಿದ್ದಬೇಕು. ಕಂಪನಿಯಿಂದ ಪಾರ್ಟ್‌ಗೆ ಹಿಂದಿರುಗುವ ಕೊಂಡಿಯನ್ನೇ ನಾನು ಇಟ್ಟಿಲ್ಲ, ಅದು ನನ್ನದೇ ತಪ್ಪು. ಊರು, ಕಂಪನಿ, ಪಾರ್ಟ್ ಹೀಗೆ ಇಡೀ ದಾರಿಯನ್ನೇ ಬರೆದಿಡುವ ಪಾತ್ ಇಂಡೆಕ್ಸ್‌ಗೆ ಜಾಗ ಜಾಸ್ತಿ ಬೇಕು.

ನಮ್ಮಲ್ಲಿ ಹುಡುಕುವುದೇ ಜಾಸ್ತಿ, ತಿದ್ದುವುದು ಅಪರೂಪ. ಇಂಥದ್ದನ್ನು ಕೈಯಾರೆ ಮಾಡಿದವರು ಇದ್ದರೆ ದಯವಿಟ್ಟು ಹೇಳಿ.