ಅಪ್ಪ ಹಾಡಿದ ಪಾರಿಜಾತದ ಡಿವಿಡಿಗೆ ಕನ್ನಡ ಸಬ್‌ಟೈಟಲ್ ಹಾಕಬೇಕು, ಮಾಡಿದವರು ಯಾರಾದರೂ ಇದ್ದೀರಾ?

ಜಮಖಂಡಿಯಿಂದ, ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ನಮ್ಮ ಅಪ್ಪ ಇಪ್ಪತ್ತು ವರ್ಷಕ್ಕಿಂತ ಜಾಸ್ತಿ ಶ್ರೀಕೃಷ್ಣ ಪಾರಿಜಾತ ಎಂಬ ಸಣ್ಣಾಟದಲ್ಲಿ (ನಮ್ಮ ಕಡೆಯ ಜಾನಪದ ನಾಟಕ) ಭಾಗವತರಾಗಿ ಹಾಡಿದವರು. 2008ರಲ್ಲಿ ಊರ ಜಾತ್ರೆಗೆ ಆಡಿದ ಆಟವನ್ನು ಶೂಟಿಂಗ್‌ನವರು ಡಿವಿಡಿ ಮಾಡಿಕೊಟ್ಟಿದ್ದರು. ಎರಡು ತಾಸಿನದು. ಈಗ ಅಪ್ಪನಿಗೆ ಕಿವಿ ಬಹಳ ಮಂದವಾಗಿದೆ. ಮಷಿನ್ ಹಾಕಿಕೊಂಡರೂ ಹಾಡು ತಿಳಿಯುವುದಿಲ್ಲ. ಕಣ್ಣು ಮಾತ್ರ ಚೆನ್ನಾಗಿದೆ, ದಿನಾ ಪೇಪರ್ ಓದುತ್ತಾರೆ. ಮೊನ್ನೆ ಡಿವಿಡಿ ಹಚ್ಚಿಕೊಂಡು ಕುಳಿತಿದ್ದರು. "ನಾನ ಹಾಡೀನಿ, ನನಗ ಕೇಳಸವಲ್ದು" ಅಂದರು. ಆವತ್ತಿನಿಂದ ಇದೇ ತಲೆಯಲ್ಲಿದೆ.

ಮನೆಯಲ್ಲಿರುವುದು ಹಳೆ ಡಬ್ಬಿ ಟಿವಿ, ಹಳೆ ಪ್ಲೇಯರ್. ಅವರಿಗೆ ರೂಢಿ ಇರುವುದೂ ಅದೇ. ಮೊಬೈಲ್, ಪೆನ್‌ಡ್ರೈವ್ ಬೇಡ, ಡಿಸ್ಕ್ ಹಾಕಿದರೆ ಅಕ್ಷರ ಬರಬೇಕು. ಒಂದು ಸಲ ನಾನೇ ಡಿವಿಡಿ ಸ್ಟೈಲರ್ ಎಂಬ ಡಿವಿಡಿ ಮಾಡುವ ಪ್ರೋಗ್ರಾಂನಲ್ಲಿ ಎಸ್‌ಆರ್‌ಟಿ ಫೈಲ್ (ಮಾತು, ಅದರ ಹೊತ್ತು ಬರೆದ ಸಬ್‌ಟೈಟಲ್ ಫೈಲ್) ಸೇರಿಸಿ ನೋಡಿದೆ. "ಸತ್ಯಭಾಮೆ" ಅಂತ ಬರೆದದ್ದು ಟಿವಿಯಲ್ಲಿ "ಸತ್‌ಯಭಾಮೆ" ಆಗಿ ಬಂತು. ಕೃಷ್ಣ "ಕೃಷ್‌ಣ" ಆದ. ಪ್ಲೇಯರ್ ಹಳೆಯದು, ಅದಕ್ಕೆ ಕನ್ನಡ ಬರುವುದಿಲ್ಲ ಅಂತ ಅಂಗಡಿಯಲ್ಲಿ ಹೇಳಿದರು. ಹೌದಾ?

ಬೆಳಗಾವಿಯಿಂದ

ಅಕ್ಕಾರ, ಇಲ್ಲ. ಪ್ಲೇಯರಿನ ತಪ್ಪಲ್ಲ. ಮೊದಲು ಈ ಒಂದು ವಿಷಯ ತಿಳಿದುಕೊಳ್ಳಿ, ಉಳಿದದ್ದು ಸರಳ ಆಗುತ್ತದೆ. ಡಿವಿಡಿಯಲ್ಲಿ ಸಬ್‌ಟೈಟಲ್ ಅಂದರೆ ಅಕ್ಷರ ಅಲ್ಲ, ಚಿತ್ರ. ಒಂದೊಂದು ಮಾತಿಗೂ ಒಂದೊಂದು ಸಣ್ಣ ಚಿತ್ರ ಡಿಸ್ಕ್‌ನಲ್ಲಿ ಕೂತಿರುತ್ತದೆ. ಅದನ್ನು ಹೇಳಿದ ಹೊತ್ತಿಗೆ ತೋರಿಸುವುದು, ಹೇಳಿದ ಹೊತ್ತಿಗೆ ತೆಗೆಯುವುದು, ಪ್ಲೇಯರಿನ ಕೆಲಸ ಇಷ್ಟೇ. ಅದಕ್ಕೆ ಇಂಗ್ಲಿಷೂ ಓದಲು ಬರುವುದಿಲ್ಲ, ಕನ್ನಡವೂ ಬರುವುದಿಲ್ಲ. ಹಾಗಾಗಿ ಚಿತ್ರ ಸರಿ ಇದ್ದರೆ ಎಷ್ಟು ಹಳೆ ಪ್ಲೇಯರಿನಲ್ಲೂ ಕನ್ನಡ ಸರಿ ಬರುತ್ತದೆ. ನಿಮ್ಮ ಅಕ್ಷರ ಒಡೆದದ್ದು ಕಂಪ್ಯೂಟರಿನಲ್ಲೇ, ಅಕ್ಷರವನ್ನು ಚಿತ್ರ ಮಾಡುವ ಹಂತದಲ್ಲಿ. ಡಿವಿಡಿ ಸ್ಟೈಲರ್ ಒಳಗೆ ಈ ಕೆಲಸ ಮಾಡುವುದು ಸ್ಪುಮಕ್ಸ್ ಎಂಬ ಪ್ರೋಗ್ರಾಂ. ಅದು ಅಕ್ಷರಗಳನ್ನು ಒಂದರ ಪಕ್ಕ ಒಂದು ಇಡುತ್ತಾ ಹೋಗುತ್ತದೆ. ಒತ್ತಕ್ಷರ ಕಟ್ಟುವುದು ಅದಕ್ಕೆ ಗೊತ್ತಿಲ್ಲ. ನನಗೂ ಮೊದಲ ಸಲ ಹೀಗೇ ಆಯಿತು.

ನಾನು ಮಾಡಿದ್ದು ನಮ್ಮ ಅಜ್ಜಿಯ ಬೀಸುವ ಹಾಡುಗಳ ಡಿಸ್ಕ್‌ಗೆ. ನಲವತ್ತು ನಿಮಿಷದ್ದು. ಕನ್ನಡ ಒಂದು, ಮರಾಠಿ ಒಂದು, ಎರಡು ಸಬ್‌ಟೈಟಲ್ ಹಾಕಿದೆ, ಯಾಕೆಂದರೆ ಅಕ್ಕನ ಮಕ್ಕಳು ಪುಣೆಯಲ್ಲಿ ಬೆಳೆದವರು. ಒಂದು ಡಿವಿಡಿಯಲ್ಲಿ 32 ಸಬ್‌ಟೈಟಲ್‌ವರೆಗೂ ಹಾಕಬಹುದು. ಹೇಗೆ ಮಾಡಿದೆ ಅಂತ ಹೇಳುತ್ತೇನೆ.

ಮೊದಲು ಡಿಸ್ಕ್‌ನ ವಿಡಿಯೋ ಟಿಎಸ್ ಫೋಲ್ಡರ್ ಪೂರ್ತಿ ಕಂಪ್ಯೂಟರಿಗೆ ಕಾಪಿ ಮಾಡಿ. ಮೂಲ ಡಿಸ್ಕ್ ಕವರಿನಲ್ಲಿ ಹಾಕಿ ಎತ್ತಿಡಿ, ಮತ್ತೆ ಮುಟ್ಟಬೇಡಿ. ಒಳಗೆ ವಿಒಬಿ ಎಂಬ ವಿಡಿಯೋ ಫೈಲ್‌ಗಳಿರುತ್ತವೆ. ಒಂದೊಂದು 1 ಜಿಬಿ ಮೀರುವಂತಿಲ್ಲ, ಅದಕ್ಕೇ ಎರಡು ತಾಸಿನ ಆಟ ನಾಲ್ಕೈದು ತುಂಡಾಗಿರುತ್ತದೆ. ಬಿಡಿ ತುಂಡಿಗೆ ಟೈಮಿಂಗ್ ಮಾಡಲು ಹೋಗಬೇಡಿ. ಎಫ್‌ಎಫ್‌ಎಂಪೆಗ್ ಎಂಬ ಉಚಿತ ವಿಡಿಯೋ ಪ್ರೋಗ್ರಾಂನಲ್ಲಿ ಎಲ್ಲ ಜೋಡಿಸಿ ಒಂದೇ ಎಂಪೆಗ್ ಫೈಲ್ ಮಾಡಿಕೊಳ್ಳಿ. ಕಾಪಿ ಆಯ್ಕೆ ಕೊಡಿ. ಆಗ ವಿಡಿಯೋ ಮತ್ತೆ ಎನ್‌ಕೋಡ್ ಆಗುವುದಿಲ್ಲ, ಕ್ವಾಲಿಟಿ ಇದ್ದ ಹಾಗೇ ಉಳಿಯುತ್ತದೆ. 2008ರ ಚಿತ್ರ ಮೊದಲೇ ಮಂದ ಇರುತ್ತದೆ, ಇನ್ನೂ ಮಂದ ಆಗುವುದು ಬೇಡ ಅಲ್ವಾ?

ಆಮೇಲೆ ಸಬ್‌ಟೈಟಲ್ ಎಡಿಟ್ ಎಂಬ ಉಚಿತ ಪ್ರೋಗ್ರಾಂ. ಆ ಎಂಪೆಗ್ ಫೈಲ್ ಅದರಲ್ಲಿ ತೆರೆದರೆ ಕೆಳಗೆ ದನಿಯ ಅಲೆ ಕಾಣುತ್ತದೆ. ಹಾಡು ಎಲ್ಲಿ ಎದ್ದಿತು, ಎಲ್ಲಿ ನಿಂತಿತು ಅಂತ ಕಣ್ಣಿಗೇ ಗೊತ್ತಾಗುತ್ತದೆ. ಅಲ್ಲಿ ಎಳೆದು ಗುರುತು ಮಾಡಿ ಸಾಲು ಟೈಪ್ ಮಾಡುತ್ತಾ ಹೋಗಬೇಕು. ಸೇವ್ ಮಾಡಿದ ಫೈಲ್ ಹೀಗಿರುತ್ತದೆ:

214
00:41:07,200 --> 00:41:11,600
ಭಾಗವತ: ಯಾರವಾ ನೀನು,
ಎಲ್ಲಿಂದ ಬಂದಿ?

ಸಾಲಿನ ನಂಬರು, ಶುರುವಾಗುವ ಮತ್ತು ಮುಗಿಯುವ ಹೊತ್ತು, ಮಾತು, ಒಂದು ಖಾಲಿ ಸಾಲು. ಯುಟಿಎಫ್-8ನಲ್ಲೇ (ಕನ್ನಡ ಅಕ್ಷರ ಕೆಡದೆ ಉಳಿಸುವ ರೀತಿ) ಸೇವ್ ಮಾಡಿ.

ಈಗ ಮುಖ್ಯ ಹಂತ. ಈ ಫೈಲನ್ನು ಹಾಗೇ ಡಿವಿಡಿ ಪ್ರೋಗ್ರಾಂಗೆ ಕೊಡಬೇಡಿ. ಸಬ್‌ಟೈಟಲ್ ಎಡಿಟ್‌ನಲ್ಲೇ ಎಕ್ಸ್‌ಪೋರ್ಟ್‌ಗೆ ಹೋಗಿ ಸ್ಪುಮಕ್ಸ್ ಅಂತ ಇರುವುದನ್ನು ಆರಿಸಿ. ಆಗ ಸ್ಪುಮಕ್ಸ್ ಅಲ್ಲ, ಸಬ್‌ಟೈಟಲ್ ಎಡಿಟ್ ವಿಂಡೋಸ್‌ನ ಕನ್ನಡ ಫಾಂಟ್ ಬಳಸಿ ತಾನೇ ಚಿತ್ರ ಬರೆಯುತ್ತದೆ, ಒತ್ತಕ್ಷರ ಸರಿಯಾಗಿ ಕೂರುತ್ತವೆ. ಒಂದು ಫೋಲ್ಡರ್ ತುಂಬ ಪಿಎನ್‌ಜಿ ಚಿತ್ರಗಳು, ಜೊತೆಗೆ ಯಾವ ಚಿತ್ರ ಯಾವಾಗ ಅಂತ ಹೇಳುವ ಒಂದು ಎಕ್ಸ್‌ಎಂಎಲ್ ಫೈಲ್ ಸಿಗುತ್ತದೆ. ಚಿತ್ರಗಳನ್ನು ತೆರೆದು ನೋಡಿ. ಸತ್ಯಭಾಮೆ ಅಲ್ಲಿ ಸರಿ ಇದ್ದರೆ ಟಿವಿಯಲ್ಲೂ ಸರಿ ಇರುತ್ತಾಳೆ.

ಎಕ್ಸ್‌ಪೋರ್ಟ್ ಮಾಡುವಾಗ ವಿಡಿಯೋ ಅಳತೆ 720 ಇಂಟು 576 ಇಡಿ, ನಮ್ಮಲ್ಲಿ ಇರುವುದು ಪಾಲ್ ಎಂಬ ಟಿವಿ ಪದ್ಧತಿ. ಫಾಂಟ್ ದಪ್ಪ ಇರಲಿ. ತುಂಗಾ ಫಾಂಟ್ ತೀರ ಸಣ್ಣ ಗೆರೆಯದು, ಡಬ್ಬಿ ಟಿವಿಯಲ್ಲಿ ಅಡ್ಡಗೆರೆಗಳು ಮಿಣಮಿಣ ಅನ್ನುತ್ತವೆ. ನಾನು ನೋಟೋ ಸಾನ್ಸ್ ಕನ್ನಡ ಬೋಲ್ಡ್ ಹಾಕಿದೆ. ಡಿವಿಡಿ ಚಿತ್ರಕ್ಕೆ ನಾಲ್ಕೇ ಬಣ್ಣ, ಅದರಲ್ಲಿ ಒಂದು ಹಿಂದಿನ ಪಾರದರ್ಶಕ ಜಾಗಕ್ಕೇ ಹೋಗುತ್ತದೆ. ಹಾಗಾಗಿ ನೆರಳು, ಹೊಳಪು ಬೇಡ. ಹಳದಿ ಅಕ್ಷರ, ಸುತ್ತ ಕಪ್ಪು ಅಂಚು ಸಾಕು. ಜರಿ ಸೀರೆಯ ಮೇಲೂ ಕಾಣುತ್ತದೆ.

ಕೊನೆಯದು ಸ್ವಲ್ಪ ತಾಳ್ಮೆಯ ಕೆಲಸ. ಸ್ಪುಮಕ್ಸ್ ಆ ಚಿತ್ರಗಳನ್ನು ಎಂಪೆಗ್ ಒಳಗೆ ಸೇರಿಸುತ್ತದೆ. ಆಮೇಲೆ ಡಿವಿಡಿ ಆಥರ್ ಎಂಬ ಇನ್ನೊಂದು ಪ್ರೋಗ್ರಾಂ ಅದರಿಂದ ಹೊಸ ವಿಡಿಯೋ ಟಿಎಸ್ ಫೋಲ್ಡರ್ ಕಟ್ಟುತ್ತದೆ. ಎರಡೂ ಕಮಾಂಡ್ ಟೈಪ್ ಮಾಡಿ ನಡೆಸುವಂಥವು. ಗಾಬರಿ ಬೇಡ, ಎರಡು ಸಾಲು ಅಷ್ಟೇ. ಇಲ್ಲಿ ಅಪ್ಪನ ಸಲುವಾಗಿ ಒಂದು ಮಾತು. ಸುಮ್ನೆ ಸೇರಿಸಿದರೆ ಸಬ್‌ಟೈಟಲ್ ಡಿಸ್ಕ್‌ನಲ್ಲಿ ಇರುತ್ತದೆ, ಆದರೆ ರಿಮೋಟಿನಲ್ಲಿ ಆ ಬಟನ್ ಒತ್ತುವವರೆಗೆ ಕಾಣದೇ ಇರಬಹುದು. ಡಿವಿಡಿ ಆಥರ್‌ನಲ್ಲಿ ಆಟ ಶುರುವಾಗುವ ಮೊದಲಿನ ಆಜ್ಞೆಯಲ್ಲಿ ಸಬ್‌ಟೈಟಲ್ ಬೆಲೆ 64 ಅಂತ ಕೊಡಿ. ಮೊದಲ ಸಬ್‌ಟೈಟಲ್ ತಾನಾಗಿ ಹಚ್ಚಿಕೊಂಡೇ ಬರುತ್ತದೆ. ಎರಡನೆಯದು ಬೇಕಾದರೆ 65. ಭಾಷೆಯ ಗುರುತಿಗೆ ಕನ್ನಡಕ್ಕೆ ಕೆಎನ್, ಮರಾಠಿಗೆ ಎಂಆರ್.

ನನಗೆ ನಲವತ್ತು ನಿಮಿಷಕ್ಕೆ ಹನ್ನೊಂದು ಸಂಜೆ ಹಿಡಿಯಿತು. ಪ್ರೋಗ್ರಾಂಗಳಿಗೆ ಹೋದದ್ದು ಎರಡೇ ಸಂಜೆ. ಉಳಿದದ್ದೆಲ್ಲ ಕಿವಿಗೊಟ್ಟು ಕೇಳಿ ಬರೆದದ್ದು. ಅಜ್ಜಿಯ ಒಂದು ಪದ ತಿಳಿಯದೆ ಊರಿಗೆ ಫೋನ್ ಮಾಡಿ ಚಿಕ್ಕಮ್ಮನಿಗೆ ಕೇಳಿದ್ದೇನೆ.

ವಿಜಯಪುರದಿಂದ, ಮದುವೆ ವಿಡಿಯೋ ಕೆಲಸ ಮಾಡುವವರು

ಮೇಲಿನವರು ಹೇಳಿದ್ದು ಸರಿ ಇದೆ. ಡಿಸ್ಕ್ ಬಗ್ಗೆ ನನ್ನದು ಸೇರಿಸುತ್ತೇನೆ. ಹಳೆ ಪ್ಲೇಯರಿಗೆ ಡಿವಿಡಿ ಮೈನಸ್ ಆರ್ ತಗೊಳ್ಳಿ. 4ಎಕ್ಸ್ ವೇಗದಲ್ಲಿ ನಿಧಾನ ಬರ್ನ್ ಮಾಡಿ, ಫೈನಲೈಸ್ (ಡಿಸ್ಕ್ ಮುಚ್ಚುವ ಕೊನೆಯ ಹಂತ) ಮಾಡಲು ಮರೆಯಬೇಡಿ. ಮೊದಲ ಪ್ರಯತ್ನಕ್ಕೆ ಆರ್‌ಡಬ್ಲ್ಯೂ ಡಿಸ್ಕ್ ಇದ್ದರೆ ಅಳಿಸಿ ಅಳಿಸಿ ನೋಡಬಹುದು, ಆದರೆ ಕೆಲವು ಹಳೆ ಪ್ಲೇಯರ್ ಅದನ್ನು ಓದುವುದಿಲ್ಲ. 4.7 ಜಿಬಿ ಅಂತ ಬರೆದಿದ್ದರೂ ಕಂಪ್ಯೂಟರಿನಲ್ಲಿ ಕಾಣುವುದು 4.37. ಸಬ್‌ಟೈಟಲ್ ಹಿಡಿಯುವುದು ಕೆಲವೇ ಎಂಬಿ, ಆದರೂ ನಿಮ್ಮ ಮೂಲ ಡಿಸ್ಕ್ ಅಂಚಿನವರೆಗೆ ತುಂಬಿದ್ದರೆ ಒಮ್ಮೆ ಲೆಕ್ಕ ನೋಡಿಕೊಳ್ಳಿ.

ಮೇಲೆ ಕಾಗದದ ಸ್ಟಿಕ್ಕರ್ ಅಂಟಿಸಬೇಡಿ. ಡಿಸ್ಕ್ ತೂಕ ತಪ್ಪಿ ತಿರುಗುವಾಗ ಅದುರುತ್ತದೆ, ನಮ್ಮ ಬೇಸಿಗೆಗೆ ಅಂಟು ಬಿಡುತ್ತದೆ. ಸಿಡಿ ಮಾರ್ಕರಿನಲ್ಲಿ ಬರೆದರೆ ಸಾಕು. ಮೂರು ಕಾಪಿ ಮಾಡಿ ಬೇರೆ ಬೇರೆ ಮನೆಯಲ್ಲಿ ಇಡಿ. ಕಂಪ್ಯೂಟರಿಗೆ ಇಳಿಸಿದ ಫೋಲ್ಡರನ್ನೂ ಒಂದು ಹಾರ್ಡ್ ಡಿಸ್ಕ್‌ಗೆ ಹಾಕಿಡಿ. ಆ ಕಾಲದ ಡಿಸ್ಕ್‌ಗಳು ಓದದೆ ಹೋಗುವುದನ್ನು ನಾನು ವಾರಕ್ಕೊಂದು ನೋಡುತ್ತೇನೆ. ತಂದುಕೊಟ್ಟವರ ಮುಖ ನೋಡಲು ಆಗುವುದಿಲ್ಲ.

ಗೋಕಾಕದಿಂದ

ನನ್ನದು ಸ್ವಲ್ಪ ಬೇರೆ, ಸಿನಿಮಾ ಡಿವಿಡಿಗೆ. ತಂಗಿಗೆ ಕಿವಿ ಕೇಳುವುದಿಲ್ಲ. ನಾನು ಡಿಸ್ಕ್‌ಗೆ ಕೈ ಹಚ್ಚಲೇ ಇಲ್ಲ. ಕಂಪ್ಯೂಟರಿನಲ್ಲಿ ವಿಎಲ್‌ಸಿ ಎಂಬ ವಿಡಿಯೋ ಪ್ಲೇಯರ್ ಪ್ರೋಗ್ರಾಂನಲ್ಲಿ ಡಿಸ್ಕ್ ಹಾಕಿ, ಎಸ್‌ಆರ್‌ಟಿ ಫೈಲ್ ಬೇರೆಯಾಗಿ ಸೇರಿಸಿ ತೋರಿಸುತ್ತೇನೆ. ಹೊತ್ತು ಹಿಂದೆ ಮುಂದೆ ಆದರೆ ಜಿ, ಎಚ್ ಕೀ ಒತ್ತಿ ಸರಿ ಮಾಡುತ್ತೇನೆ. ಆದರೆ ಒಂದು ಫೈಲ್ ಶುರುವಿನಲ್ಲಿ ಸರಿ ಇದ್ದು, ಹೋಗ್ತಾ ಹೋಗ್ತಾ ತಪ್ಪುತ್ತಿತ್ತು. ನಿಮಿಷಕ್ಕೆ ಎರಡೂವರೆ ಸೆಕೆಂಡ್. ಅದು ಸೆಕೆಂಡಿಗೆ 23.976 ಫ್ರೇಮ್‌ನ ಪ್ರತಿಗೆ ಮಾಡಿದ ಫೈಲ್, ನನ್ನ ಡಿಸ್ಕ್ ಪಾಲ್, 25 ಫ್ರೇಮ್. ಅದೇ ಸಿನಿಮಾ ಪಾಲ್‌ನಲ್ಲಿ ಸ್ವಲ್ಪ ಬೇಗ ಓಡುತ್ತದೆ, ಎರಡು ತಾಸಿನದು ಸುಮಾರು ಐದು ನಿಮಿಷ ಮೊದಲೇ ಮುಗಿಯುತ್ತದೆ. ಸಬ್‌ಟೈಟಲ್ ಎಡಿಟ್‌ನಲ್ಲಿ ಫ್ರೇಮ್ ರೇಟ್ ಬದಲಿಸಿದೆ, ಸರಿಯಾಯಿತು. ಅಕ್ಕಾರ, ನೀವು ನಿಮ್ಮ ಡಿಸ್ಕ್ ಕೇಳಿಕೊಂಡೇ ಬರೆಯುವುದರಿಂದ ಈ ತೊಂದರೆ ಬರುವುದಿಲ್ಲ.

ಜಮಖಂಡಿಯಿಂದ, ಮತ್ತೆ

ಎಲ್ಲರಿಗೂ ಕೈ ಮುಗಿಯುತ್ತೇನೆ. ಪ್ಲೇಯರಿನ ತಪ್ಪಲ್ಲ ಅಂತ ತಿಳಿದೇ ಅರ್ಧ ಧೈರ್ಯ ಬಂತು. ಎರಡು ಪ್ರಶ್ನೆ. ಅಪ್ಪನ ಹತ್ತಿರ ಆಟದ ಮಾತುಗಳು ಡಿಟಿಪಿ ಮಾಡಿಸಿದ್ದು ಇವೆ, ನುಡಿ ಎಂಬ ಕನ್ನಡ ಟೈಪಿಂಗ್ ಸಾಫ್ಟ್‌ವೇರಿನ ಹಳೆ ಆವೃತ್ತಿಯಲ್ಲಿ. ಕಾಪಿ ಮಾಡಿ ಹಾಕಿದರೆ ಚುಕ್ಕೆ, ಬಾಣ, ಇಂಗ್ಲಿಷ್ ಅಕ್ಷರ ಬರುತ್ತಿವೆ. ಇನ್ನೊಂದು, ಹಾಡಿನಲ್ಲಿ ಒಂದೇ ಸಾಲು ಐದಾರು ಸಲ ಬರುತ್ತದೆ. ಪ್ರತಿ ಸಲವೂ ಬರೆಯಬೇಕಾ?

ಬಾಗಲಕೋಟೆಯಿಂದ, ಶಿಕ್ಷಕರು

ಹಳೆ ನುಡಿಯ ಫೈಲ್ ಯುನಿಕೋಡ್ ಅಲ್ಲ. ಒಳಗೆ ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ಆಕಾರ ಕೂರಿಸಿರುತ್ತಾರೆ. ಯುನಿಕೋಡ್‌ಗೆ ಬದಲಿಸುವ ಕನ್ವರ್ಟರ್‌ಗಳು ಉಚಿತವಾಗಿ ಸಿಗುತ್ತವೆ. ಬದಲಿಸಿದ ಮೇಲೆ ಅರ್ಕಾವತ್ತು ಇರುವ ಪದಗಳನ್ನು ಒಂದು ಸಲ ಓದಿ ನೋಡಿ, ತಪ್ಪುವುದು ಅಲ್ಲೇ ಜಾಸ್ತಿ.

ಆದರೆ ಆ ಬರಹವನ್ನೇ ನಂಬಿ ಕೂರಬೇಡಿ. ಸಣ್ಣಾಟದಲ್ಲಿ ಬರೆದದ್ದು ಒಂದು, ಆ ರಾತ್ರಿ ಆಡಿದ್ದು ಇನ್ನೊಂದು. ಭಾಗವತರೂ ದೂತಿಯೂ ನಿಂತಲ್ಲೇ ಮಾತು ಕಟ್ಟುತ್ತಾರೆ, ಜನ ನಗುವುದು ಅದಕ್ಕೇ. ನಿಮ್ಮ ಅಪ್ಪನಿಗೆ ಬೇಕಾಗಿರುವುದೂ ಆ ರಾತ್ರಿಯ ಮಾತೇ. ಅವರು "ಬರತೀನವಾ" ಅಂದಿದ್ದರೆ "ಬರುತ್ತೇನಮ್ಮಾ" ಅಂತ ಬರೆಯಬೇಡಿ. ಅಂದ ಹಾಗೇ ಬರೆಯಿರಿ.

ನಮ್ಮ ಶಾಲೆಯಲ್ಲಿ ಕಿವಿ ಕೇಳದ ಮಕ್ಕಳಿಗೆ ಪಾಠದ ವಿಡಿಯೋಗಳಿಗೆ ಅಕ್ಷರ ಹಾಕಿದ ಅನುಭವದಿಂದ ಹೇಳುತ್ತೇನೆ. ಒಂದು ಸಲಕ್ಕೆ ಎರಡೇ ಸಾಲು, ಸಾಲಿಗೆ ನಾಲ್ಕು ಪದ. ಎಷ್ಟೇ ಸಣ್ಣ ಮಾತಾದರೂ ಒಂದು ಸೆಕೆಂಡಿಗಿಂತ ಕಡಿಮೆ ಇಡಬೇಡಿ. ಎರಡು ಸಾಲು ತುಂಬಿದ್ದರೆ ಐದಾರು ಸೆಕೆಂಡ್ ಬೇಕು. ನೀವೇ ಗಟ್ಟಿಯಾಗಿ ಓದಿ ನೋಡಿ, ಅಷ್ಟು ಹೊತ್ತು ಇರಲಿ. ಯಾರು ಮಾತಾಡುತ್ತಿದ್ದಾರೆ ಅಂತ ಹೆಸರು ಹಾಕಿ. ಪರದೆಯ ಹಿಂದಿನಿಂದ ಬಂದ ದನಿ ಅವರಿಗೆ ಗೊತ್ತಾಗುವುದಿಲ್ಲ. ತಬಲಾ ಜೋರಾದಾಗ, ಜನ ನಕ್ಕಾಗ, ಸಿಳ್ಳೆ ಹೊಡೆದಾಗ ಅದನ್ನೂ ಬರೆಯಿರಿ. ಕೇಳುವವರಿಗೆ ಅದು ಬೇಡ, ನಿಮ್ಮ ಅಪ್ಪನಿಗೆ ಬೇಕೇ ಬೇಕು. ತಾವು ಹಾಡಿದ್ದಕ್ಕೆ ಜನ ಏನು ಮಾಡಿದರು ಅಂತ ಅವರಿಗೆ ಬೇರೆ ಹೇಗೆ ತಿಳಿಯಬೇಕು?

ಮತ್ತೆ ಮತ್ತೆ ಬರುವ ಸಾಲನ್ನು ಪ್ರತಿ ಸಲವೂ ಹಾಕಿ. ಕಾಪಿ ಪೇಸ್ಟ್ ಕೆಲಸ ತಾನೇ. ತುಟಿ ಆಡುತ್ತಿದ್ದು ಅಕ್ಷರ ಇಲ್ಲದಿದ್ದರೆ ಏನೋ ತಪ್ಪಿತು ಅನ್ನಿಸುತ್ತದೆ.

ಜಮಖಂಡಿಯಿಂದ, ಮೂರು ವಾರದ ಮೇಲೆ

ಮೊದಲ ಇಪ್ಪತ್ತು ನಿಮಿಷ ಮಾಡಿದೆ. ಒತ್ತಕ್ಷರ ಎಲ್ಲ ಸರಿ ಬಂದಿವೆ! ಅಣ್ಣಾರ, ನಿಮ್ಮ 64 ಕೂಡ ಕೆಲಸ ಮಾಡಿತು, ಡಿಸ್ಕ್ ಹಾಕಿದ ಕೂಡಲೇ ಅಕ್ಷರ ಬಂದವು. ಒಂದೇ ತೊಂದರೆ, ಕೆಳಗಿನ ಸಾಲಿನ ಒತ್ತುಗಳು ಟಿವಿಯ ಅಂಚಿಗೆ ಕತ್ತರಿಸಿದ ಹಾಗಿವೆ. ಕಂಪ್ಯೂಟರಿನಲ್ಲಿ ಪೂರ್ತಿ ಕಾಣುತ್ತವೆ.

ಅಪ್ಪ ಕುರ್ಚಿ ಮುಂದೆ ಎಳೆದುಕೊಂಡು ಕುಳಿತರು. ಜನ ನಕ್ಕರು ಅಂತ ಬಂದಾಗ ತಾವೂ ನಕ್ಕರು. ಆಮೇಲೆ ನಿಲ್ಲಿಸು ಅಂದರು. "ಇದು ಹಂಗಲ್ಲವಾ, ತಪ್ಪ ಬರದೀ" ಅಂತ ಪೆನ್ನು ತರಿಸಿಕೊಂಡು ಒಂದು ಹಾಳೆಯಲ್ಲಿ ಬರೆದುಕೊಟ್ಟಿದ್ದಾರೆ. ಇಪ್ಪತ್ತು ನಿಮಿಷಕ್ಕೆ ಹದಿನಾಲ್ಕು ತಿದ್ದುಪಡಿ. ಈಗ ಎಲ್ಲ ಮೊದಲಿನಿಂದ ಮಾಡಬೇಕಾ?

ಬೆಳಗಾವಿಯಿಂದ

ಬೇಡ ಬೇಡ. ತಿದ್ದುವುದು ಎಸ್‌ಆರ್‌ಟಿ ಫೈಲಿನಲ್ಲಿ ಮಾತ್ರ. ಅದನ್ನು ಮತ್ತೆ ಎಕ್ಸ್‌ಪೋರ್ಟ್ ಮಾಡಿ, ಸಬ್‌ಟೈಟಲ್ ಸೇರಿಸದ ಮೊದಲಿನ ಎಂಪೆಗ್ ಫೈಲಿಗೇ ಸ್ಪುಮಕ್ಸ್ ನಡೆಸಿ. ಸೇರಿಸಿದ ಫೈಲಿಗೆ ಇನ್ನೊಮ್ಮೆ ಸೇರಿಸಬೇಡಿ. ಟೈಮಿಂಗ್ ಎಲ್ಲ ಹಾಗೇ ಇರುತ್ತದೆ.

ಡಬ್ಬಿ ಟಿವಿ ಚಿತ್ರದ ನಾಲ್ಕೂ ಅಂಚನ್ನು ಸ್ವಲ್ಪ ನುಂಗುತ್ತದೆ. ಇಂಗ್ಲಿಷ್ ಅಕ್ಷರಕ್ಕೆ ಸಾಕಾಗುವ ಜಾಗ ನಮಗೆ ಸಾಲದು, ನಮ್ಮ ಒತ್ತು ಕೆಳಗೆ ಇಳಿಯುತ್ತವೆ. ಎಕ್ಸ್‌ಪೋರ್ಟ್ ಕಿಟಕಿಯಲ್ಲಿ ಕೆಳಗಿನ ಮಾರ್ಜಿನ್ 60 ಮಾಡಿ ನೋಡಿ. ನನಗೆ ಅಲ್ಲಿಗೆ ಸರಿ ಹೋಯಿತು.

ಉಳಿದ ಒಂದು ತಾಸು ನಲವತ್ತು ನಿಮಿಷವನ್ನು ಟೈಪ್ ಮಾಡುವ ಮೊದಲೇ ಹಾಳೆಯಲ್ಲಿ ಬರೆದು ಅಪ್ಪನಿಗೆ ತೋರಿಸಿ. ಅವರು ಬರೆದುಕೊಟ್ಟ ಹಾಳೆಗಳನ್ನು ಡಿಸ್ಕ್ ಜೊತೆಗೇ ಇಡಿ.