ಹಳೇ 1613 ಲಾರಿ: ಟೈಮಿಂಗ್ ಅಡ್ವಾನ್ಸ್ ಮಾಡಿಸ್ಬಹುದಾ?

ಹಂಚುಲೋಡು: ನಮ್ದು ಹಳೇ ಟಾಟಾ 1613, ಟರ್ಬೋ ಇಲ್ಲದ 697 ಇಂಜಿನ್, ಮೈಕೋ ಡೀಸೆಲ್ ಪಂಪ್, ಎಲ್ಲ ಕಂಪನಿದೇ ಉಂಟು, ಎಂತದ್ದೂ ಬದಲಾಯಿಸ್ಲಿಲ್ಲ. ಮಂಗಳೂರಿಂದ ಹಾಸನಕ್ಕೆ ಹಂಚು ಹೊಡೀತೇವೆ. ಶಿರಾಡಿ ಘಾಟಿಯಲ್ಲಿ ಮೊದಲು ಥರ್ಡಲ್ಲಿ ಹತ್ತುತ್ತಿದ್ದ ಕಡೆ ಈಗ ಸೆಕೆಂಡೇ ಬೇಕು, ಗುಂಡ್ಯ ದಾಟಿದ್ರೆ ಟೆಂಪರೇಚರ್ ಮುಳ್ಳೂ ಏರ್ತದೆ, ಬೆಳಿಗ್ಗೆ ಸ್ಟಾರ್ಟ್ ಮಾಡಿದ್ರೆ ಸ್ವಲ್ಪ ಹೊತ್ತು ಬಿಳಿ ಹೊಗೆ. ಎರಡು ತಿಂಗಳ ಹಿಂದೆ ಪಂಪ್ ಬಿಚ್ಚಿ ರಿಪೇರಿ ಮಾಡಿಸಿ ಹಾಕಿದ್ದು. ಈಗ ಒಬ್ರು ಮೆಕ್ಯಾನಿಕ್ ಹೇಳ್ತಾರೆ ಟೈಮಿಂಗ್ ಸ್ವಲ್ಪ ಅಡ್ವಾನ್ಸ್ ಮಾಡುವ, ಅಂದ್ರೆ ಪಂಪ್ ಡೀಸೆಲ್ ಹೊಡೆಯುವುದನ್ನು ಸ್ವಲ್ಪ ಮುಂಚೆಗೆ ತರುವ, ಪಿಕಪ್ಪೂ ಬರ್ತದೆ ಮೈಲೇಜೂ ಬರ್ತದೆ ಅಂತ. ಮಾಡಿಸ್ಬಹುದಾ?

ಮಲ್ಪೆ_407: ಮಾಡಿಸಿ ಮಾರಾಯ್ರೆ, ನಾನು ಮಾಡಿಸಿದ್ದೆ, ಒಳ್ಳೆ ಎಳೀತದೆ. ಸೌಂಡ್ ಸ್ವಲ್ಪ ಜಾಸ್ತಿ ಅಷ್ಟೆ.

ಬೈಕಂಪಾಡಿ ಸ್ಪ್ಯಾನರ್: ಆ "ಸೌಂಡ್ ಸ್ವಲ್ಪ ಜಾಸ್ತಿ" ಉಂಟಲ್ಲ, ಅದೇ ನಾಕಿಂಗ್. ಪಿಸ್ಟನ್ ಇನ್ನೂ ಮೇಲೆ ಬರ್ತಾ ಇರುವಾಗ್ಲೇ ಡೀಸೆಲ್ ಹೊತ್ತಿ ತಲೆಗೆ ಹೊಡೆದ ಹಾಗೆ, ಲೋಡ್ ಹಾಕಿ ಘಾಟಿ ಹತ್ತಿದ್ರೆ ಹೆಡ್ ಗ್ಯಾಸ್ಕೆಟ್, ಬೇರಿಂಗ್ ಎಲ್ಲ ಅನುಭವಿಸ್ತದೆ. ಹಂಚುಲೋಡು ಅವ್ರೆ, ನಿಮ್ಮ ಲಕ್ಷಣ ನೋಡಿದ್ರೆ ನಿಮ್ದು ಟೈಮಿಂಗ್ ಲೇಟ್ ಆದ ಹಾಗೆ ಕಾಣ್ತದೆ. ಎಳೆತ ಇಲ್ಲ, ಬಿಸಿ, ಬೆಳಿಗ್ಗೆ ಬಿಳಿ ಹೊಗೆ, ಅದೂ ಪಂಪ್ ಬಿಚ್ಚಿ ಹಾಕಿದ ಮೇಲೆ. ಹಾಗಾಗಿ ಅಡ್ವಾನ್ಸ್ ಬೇಡ, ಕಂಪನಿ ಗುರುತಿಗೆ ವಾಪಸ್ ತರುವುದು ಬೇಕು. ಎರಡೂ ಒಂದೇ ಅಲ್ಲ. ಆದ್ರೆ ಪಂಪ್ ಮುಟ್ಟುವ ಮೊದಲು ಸಿಲಿಂಡರಿಗೆ ಡೀಸೆಲ್ ಸಿಂಪಡಿಸುವ ನಾಜಲ್ ಟೆಸ್ಟಿಗೆ ಕೊಡಿ, ನಾಜಲ್ ಸೋರಿದ್ರೂ ಬಿಳಿ ಹೊಗೆ ಬರ್ತದೆ, ಮತ್ತೆ ಏರ್ ಫಿಲ್ಟರ್ ನಿಮ್ಮ ಹಂಚಿನ ಧೂಳಲ್ಲಿ ಹೇಗುಂಟೋ ಏನೋ.

ಹಂಚುಲೋಡು: ಕಿವಿಯಲ್ಲಿ ಕೇಳಿಯೇ ಸೆಟ್ ಮಾಡ್ತೇನೆ ಅಂತಾರಲ್ಲ ಅವ್ರು?

ಬೈಕಂಪಾಡಿ ಸ್ಪ್ಯಾನರ್: ಕಿವಿ ಬೇಡ, ಸ್ಪಿಲ್ ಮಾಡ್ಲಿಕ್ಕೆ ಹೇಳಿ, ಅಂದ್ರೆ ಡೀಸೆಲ್ ಧಾರೆ ನಿಲ್ಲುವ ಜಾಗ ನೋಡಿ ಟೈಮಿಂಗ್ ಅಳೆಯುವುದು. ಒಂದನೇ ಸಿಲಿಂಡರ್ ಕಂಪ್ರೆಷನಲ್ಲಿ ಬರ್ಬೇಕು, ಪಂಪಿನ ಒಂದನೇ ಡೆಲಿವರಿ ವಾಲ್ವ್ ಸ್ಪ್ರಿಂಗ್ ಸಮೇತ ತೆಗೆದು ಹೋಲ್ಡರ್ ವಾಪಸ್ ಹಾಕಿ ಬಗ್ಗಿದ ಪೈಪ್ ಕಟ್ಟಿ, ಆಕ್ಸಿಲರೇಟರ್ ಫುಲ್ ಇಟ್ಟು, ಹ್ಯಾಂಡ್ ಪಂಪ್ ಹೊಡೀತಾ ಇಂಜಿನ್ ತಿರುಗುವ ಕಡೆಗೇ ನಿಧಾನ ತಿರುಗಿಸ್ಬೇಕು. ಧಾರೆ ನಿಂತು ಹನಿ ಹನಿ ಆದಲ್ಲಿ ಗುರುತು ನೋಡಿ, ಪುಸ್ತಕದಲ್ಲಿ ಕೊಟ್ಟ ಡಿಗ್ರಿಗೆ ಬರ್ಬೇಕು. ದಾಟಿ ಹೋದ್ರೆ ಅಲ್ಲಿಂದ್ಲೇ ಹಿಂದೆ ತಂದು ನಿಲ್ಲಿಸ್ಬೇಡಿ, ತುಂಬ ಹಿಂದೆ ಹೋಗಿ ಪುನಃ ಮುಂದೆ ಬನ್ನಿ, ಗೇರಲ್ಲಿ ಆಟ ಇರ್ತದೆ. ಮತ್ತೆ ಪಂಪ್ ಸುತ್ತುವುದು ಇಂಜಿನಿನ ಅರ್ಧ ಸ್ಪೀಡಲ್ಲಿ, ಅಂದ್ರೆ ಪಂಪಲ್ಲಿ 1 ಡಿಗ್ರಿ ಸರಿಸಿದ್ರೆ ಕ್ರ್ಯಾಂಕಲ್ಲಿ 2 ಡಿಗ್ರಿ. ಒಂದು ಕೂದಲಷ್ಟು ಅಂತ ತಟ್ಟುವವರಿಗೆ ಇದು ಮರ್ತು ಹೋಗ್ತದೆ.

ಉಡುಪಿ ಟಿಪ್ಪರ್: ನಮ್ದು ಬಿಎಸ್6, ಅದಕ್ಕೂ ಹೀಗೆಯಾ?

ಬೈಕಂಪಾಡಿ ಸ್ಪ್ಯಾನರ್: ಇಲ್ಲ, ಕಾಮನ್ ರೈಲ್ ಅಲ್ವಾ, ಡೀಸೆಲ್ ಯಾವಾಗ ಹೊಡೀಬೇಕು ಅಂತ ಇಸಿಎಂ, ಅಂದ್ರೆ ಇಂಜಿನಿನ ಕಂಪ್ಯೂಟರ್, ಹೇಳ್ತದೆ. ಸ್ಪ್ಯಾನರ್ ಹಿಡಿಯುವ ಜಾಗವೇ ಅಲ್ಲ, ಅದರ ಡೀಸೆಲ್ ಪೈಪ್ ಇಂಜಿನ್ ಓಡುವಾಗ ಸಡಿಲ ಮಾಡ್ಲೇ ಬೇಡಿ, ಆ ಪ್ರೆಷರಲ್ಲಿ ಡೀಸೆಲ್ ಚರ್ಮ ತೂರಿ ಒಳಗೆ ಹೋಗ್ತದೆ.

ಹಂಚುಲೋಡು: ಮಾಡಿಸಿದೆ. ಎರಡು ನಾಜಲ್ ಸೋರ್ತಿತ್ತು, ಟೈಮಿಂಗ್ ಕ್ರ್ಯಾಂಕಲ್ಲಿ 4 ಡಿಗ್ರಿ ಲೇಟ್. ಗುರುತಿಗೆ ತಂದ ಮೇಲೆ ನಿನ್ನೆ ಘಾಟಿಯಲ್ಲಿ ಥರ್ಡಲ್ಲೇ ಹತ್ತಿತು, ಬಿಳಿ ಹೊಗೆಯೂ ಇಲ್ಲ. ಒಂದೇ ತಲೆಬಿಸಿ, ಈಗ ಸ್ಟಾಪ್ ಕೇಬಲ್ ಎಳೆದ್ರೆ ಎರಡು ಸಲಕ್ಕೆ ಇಂಜಿನ್ ಆಫ್ ಆಗುವುದು, ಅದು ಪಂಪ್ ಸರಿಸಿದ್ದಕ್ಕಾ?