15 ವರ್ಷದ ಆಲ್ಟೊ ಸ್ಕ್ರಾಪ್‌ಗೆ ಹಾಕ್ಲೋ ಎಕ್ಸ್‌ಚೇಂಜ್‌ಗೆ ಕೊಡ್ಲೋ? ಶೋರೂಮ್‌ನಾಗ ರೇಟ್ ಹೆಂಗ ಮಾತಾಡ್ಬೇಕು ಹೇಳ್ರಿ

ಸೇಡಂರೋಡ್_32:

ಎಲ್ಲರಿಗೂ ನಮಸ್ಕಾರ್ರಿ. ನಾನು ಕಲಬುರಗಿಯಾಂವ, ಮನಿ ಸೇಡಂ ರೋಡ್ ಕಡೆ ಅದ. ನಮ್ಮಪ್ಪ 2011ರ ಮಾರ್ಚ್‌ನಾಗ ತಗೊಂಡ ಆಲ್ಟೊ ಅದ, ಕೆಎ 32 ನಂಬರು, ಈ ಮಾರ್ಚ್‌ಗೆ 15 ವರ್ಷ ತುಂಬಿ ಆರ್‌ಸಿ ಮುಗೀತದ. ಗಾಡಿ ಓಡ್ತದ ಖರೆ, ಆದ್ರ ಬ್ಯಾಸಗಿ ಬಂತಂದ್ರ ಏಸಿ ಕೈ ಕೊಡ್ತದ, ಎಡಗಡಿ ಬಾಗಿಲ ಕೆಳಗ ತುಕ್ಕು ತಿಂದು ಬಟ್ಟು ಒತ್ತಿದ್ರ ಒಳಗ ಹೋಗ್ತದ. ಹೋದ ದೀಪಾವಳಿಗಿ ಅವ್ವನ್ನ ಗಾಣಗಾಪುರಕ್ಕ ಕರ್ಕೊಂಡು ಹೋಗುವಾಗ ಚೌಡಾಪುರ ಹತ್ರ ಇಂಜಿನ್ ಕಾದು ನಿಂತೇ ಬಿಡ್ತು, ಒಂದೂವರಿ ತಾಸು ಅವ್ವ ಬಿಸಿಲಾಗ ಬೇವಿನ ಗಿಡದ ಕೆಳಗ ಕುಂತಿದ್ಳು. ಅವತ್ತೇ ಹೊಸ ಗಾಡಿ ತಗೋಬೇಕಂತ ಮನಸ್ಸು ಮಾಡ್ದೆ, ಈಗ ತೊಗರಿ ಮಾರಿದ ರೊಕ್ಕನೂ ಬಂದದ.

ಸಣ್ಣ ಪೆಟ್ರೋಲ್ ಹ್ಯಾಚ್‌ಬ್ಯಾಕ್ ನೋಡೀನಿ. ಒಂದ್ ಶೋರೂಮ್‌ನಾಗ ಸೇಲ್ಸ್ ಹುಡುಗ ಮೊದಲ ದಿನ ಹೇಳ್ದ, ಹಳೆ ಗಾಡಿಗಿ 35 ಸಾವಿರ ಕೊಡ್ತೀವಿ, ಮ್ಯಾಲ ಎಕ್ಸ್‌ಚೇಂಜ್ ಬೋನಸ್ 15 ಸಾವಿರ, ಸ್ಕ್ರಾಪೇಜ್ ಬೋನಸ್ (ಹಳೆ ಗಾಡಿ ಮುರಿಯೋಕ ಕೊಟ್ರ ಸಿಗೋ ರಿಯಾಯಿತಿ) 25 ಸಾವಿರ, ಎಲ್ಲಾ ಸಿಗ್ತದ ಅಂತ. ನಾ ಖುಷಿಲಿಂದ ಮನಿಗಿ ಬಂದು ಅಪ್ಪಗ ಹೇಳ್ದೆ. ಮರುದಿನ ಹೋದ್ರ ಮ್ಯಾನೇಜರ್ ಎರಡರಾಗ ಒಂದೇ ಬರ್ತದ ಅಂತಾರ. ಕೊಟೇಷನ್ ಚೀಟಿ ಕೊಟ್ಟಾರ, ಅದ್ರಾಗ ಹಳೆ ರೇಟು 7,08,000 ಅಂತ ಬರದು ಅಡ್ಡ ಗೀಟು ಎಳದು 6,48,000 ಎಕ್ಸ್‌ಶೋರೂಮ್, "60 ಸಾವಿರ ಡಿಸ್ಕೌಂಟ್ ಕೊಟ್ಟೇ ಬಿಟ್ಟೀವಿ, ಇನ್ನೇನು ಕೇಳ್ತೀರಿ" ಅಂತಾರ. ಬಾಕಿ ಹಿಂಗದ: ಆರ್‌ಟಿಒ 1,12,000, ಇನ್ಶೂರೆನ್ಸ್ 42,000, ಅಕ್ಸೆಸರಿ 19,500, ಎಕ್ಸ್‌ಟೆಂಡೆಡ್ ವಾರಂಟಿ 14,000, ಹ್ಯಾಂಡ್ಲಿಂಗ್ 8,500. ಒಟ್ಟು 8,44,000.

ಇನ್ನೊಂದು, ಹಳೆ ಗಾಡಿ ಇಲ್ಲೇ ಬಿಟ್ಟು ಹೋಗ್ರಿ, ಗಾಡಿ ಬ್ಯಾರೆಯವ್ರ ಹೆಸರಿಗಿ ಮಾಡೋ ಫಾರ್ಮ್ 29, 30 ಮ್ಯಾಲ ಅಪ್ಪನ ಸಹಿ ಹಾಕಿಸಿ ಕೊಡ್ರಿ, ಹೆಸರು ತಾರೀಖು ನಾವು ತುಂಬ್ಕೋತೀವಿ ಅಂತಾರ. ಇದು ಸರಿ ಅದನೋ ಇಲ್ಲೋ ತಿಳೀವಲ್ದು. ಇದರಾಗ ಅನುಭವ ಇದ್ದೋರು ದಯವಿಟ್ಟು ಹೇಳ್ರಿ.

ಬೀದರ್‌ಕೋಟಿ:

ಅಣ್ಣೋರೆ, ಮೊದಲ ಒಂದು ಮಾತು ಹೇಳ್ತೀನಿ, ಉಳಿದದ್ದು ಆಮ್ಯಾಲ. ಖಾಲಿ ಫಾರ್ಮ್ ಮ್ಯಾಲ ಅಪ್ಪನ ಸಹಿ ಮಾಡಿಸ್ಲೇ ಬ್ಯಾಡ್ರಿ. ನಾ ನಾಕು ವರ್ಷದ ಹಿಂದ ಹಿಂಗೇ ಕೊಟ್ಟು ಬಂದಿದ್ದೆ, ಶೋರೂಮ್ ಹೆಸರು ಇಲ್ಲಿ ಬ್ಯಾಡ. ಎಂಟು ತಿಂಗಳಾದ ಮ್ಯಾಲ ಮುಂಜಾನಿ ಚಾ ಕುಡೀತಾ ಕುಂತಾಗ ಪೊಲೀಸ್ ಸ್ಟೇಷನ್ನಿಂದ ಫೋನ್ ಬಂತು, ನಿಮ್ಮ ಗಾಡಿ ಒಬ್ಬ ಬೈಕಿನಾವಗ ಗುದ್ದಿ ಓಡಿ ಹೋಗ್ಯಾದ, ಬರ್ರಿ ಅಂತ. ಗಾಡಿ ಮೂರು ಕೈ ದಾಟಿ ಹೋಗಿತ್ತು, ಆರ್‌ಸಿ ಮಾತ್ರ ನನ್ನ ಹೆಸರಿಗೇ ಇತ್ತು. ಇನ್ಶೂರೆನ್ಸ್ ಮುಗದಿತ್ತು. ಪುಣ್ಯಕ್ಕ ಆ ಹುಡುಗನ ಕಾಲು ಉಳೀತು. ನಾ ಮಾತ್ರ ವಕೀಲರ ಹಿಂದ ಒಂದ್ ವರ್ಷ ಅಡ್ಡಾಡ್ದೆ, ನನ್ನ ಹೆಂಡ್ತಿ ಆ ದಿನಗಳಾಗ ನಿದ್ದಿ ಮಾಡ್ಲಿಲ್ಲ.

ಈಗ ಕಾನೂನು ಬದಲಾಗ್ಯಾದ. 2023ರ ಏಪ್ರಿಲ್ 1ರಿಂದ ಹಳೆ ಗಾಡಿ ತಗೊಳ್ಳೋ ಡೀಲರ್ ಆರ್‌ಟಿಒ ಕಡಿಂದ ಅಧಿಕೃತ ಸರ್ಟಿಫಿಕೇಟ್ ತಗೊಂಡಿರಬೇಕು, ನೀವು ಅವಗ ಗಾಡಿ ಒಪ್ಪಿಸಿದ್ದನ್ನ ಫಾರ್ಮ್ 29ಸಿ ಮ್ಯಾಲ ಆನ್‌ಲೈನ್‌ನಾಗ ತಿಳಿಸ್ಬೇಕು, ಅಲ್ಲಿಂದ ಮುಂದ ಗಾಡಿಗಿ ಏನಾದ್ರೂ ಡೀಲರೇ ಜವಾಬ್ದಾರ. ಎಕ್ಸ್‌ಚೇಂಜ್ ಮಾಡೋದಿದ್ರ 29ಸಿ ಮಾಡ್ತೀರೇನು ಅಂತ ಕೇಳ್ರಿ. ಇಲ್ಲಂದ್ರ ಎದ್ದು ಬರ್ರಿ.

ಸ್ಕ್ರಾಪ್ ವಿಷಯಕ್ಕ ಬಂದ್ರ, ಹೋದ ವರ್ಷ ನಮ್ಮ ಭಾವನ ಗಾಡಿ ನಾನೇ ನಿಂತು ಹಾಕ್ಸೀನಿ. ಗುಜರಿ ಅಂಗಡ್ಯಾಗ ತೂಕಕ್ಕ ಹಾಕಿದ್ರ ಸ್ಕ್ರಾಪೇಜ್ ಬೋನಸ್ ಬರಂಗಿಲ್ಲ, ಆರ್‌ಸಿನೂ ರದ್ದಾಗಂಗಿಲ್ಲ. ಸರ್ಕಾರದಲ್ಲಿ ನೋಂದಣಿ ಆದ ಸ್ಕ್ರಾಪ್ ಕೇಂದ್ರಕ್ಕೇ ಕೊಡ್ಬೇಕು, ಆರ್‌ವಿಎಸ್‌ಎಫ್ ಅಂತಾರ ಅದಕ, ಪಟ್ಟಿ ಪರಿವಾಹನ್ ಪೋರ್ಟಲ್‌ನಾಗ ಅದ. ಕೆಎ 32 ಗಾಡಿ ಕರ್ನಾಟಕದಾಗೇ ಹಾಕ್ಬೇಕಂತಿಲ್ಲ, ಬೇರೆ ರಾಜ್ಯದ ಕೇಂದ್ರಕ್ಕೂ ಕೊಡಬಹುದು, ಹಂಗಾಗಿ ನಾವು ಬೀದರಿನವ್ರು ಹೈದರಾಬಾದ್ ಕಡೆನೂ ವಿಚಾರಿಸ್ದೆವು. ಅವ್ರೇ ಟೋ ಗಾಡಿ ಕಳಿಸಿದ್ರು, ಅದರ ಬಾಡಿಗಿ ಮುರ್ಕೊಂಡು ಉಳಿದ ರೊಕ್ಕ ಬ್ಯಾಂಕಿಗಿ ಹಾಕಿದ್ರು. ನಮಗ ಕೈಗಿ ಬಂದದ್ದು 19 ಸಾವಿರ. ನಿಮ್ಮದು ಆಲ್ಟೊ, ತೂಕ ಕಮ್ಮಿ, ಹೆಚ್ಚು ಆಸೆ ಇಟ್ಕೋಬ್ಯಾಡ್ರಿ.

ಮುಖ್ಯ ಅಂದ್ರ ಅವ್ರು ಕೊಡೋ ಸರ್ಟಿಫಿಕೇಟ್ ಆಫ್ ಡಿಪಾಸಿಟ್, ಸಿಡಿ ಅಂತಾರ. ಶೋರೂಮ್‌ದವ್ರು ಬೋನಸ್ ಕೊಡೋದು, ಆರ್‌ಟಿಒದವ್ರು ಹೊಸ ಗಾಡಿ ನೋಂದಣಿ ಫೀ ಬಿಡೋದು ಈ ಸಿಡಿ ನೋಡೇ. ರೋಡ್ ಟ್ಯಾಕ್ಸ್‌ನಾಗ ಕೇಂದ್ರದ ನಿಯಮದ ಪ್ರಕಾರ ಸ್ವಂತ ಗಾಡಿಗಿ 25 ಪರ್ಸೆಂಟ್ ತನಕ ರಿಯಾಯಿತಿ ಕೊಡಬಹುದು ಅಂತ ಅದ. "ತನಕ" ಅಂದ್ರ ಅಷ್ಟೂ ಸಿಗ್ತದ ಅಂತಲ್ಲ, ನಮ್ಮ ರಾಜ್ಯದ ಲೆಕ್ಕ ಆರ್‌ಟಿಒ ಕೌಂಟರ್‌ನಾಗೇ ಕೇಳ್ಕೊಂಡು ಬರ್ರಿ, ಸೇಲ್ಸ್ ಹುಡುಗನ ಮಾತಿನ ಮ್ಯಾಲ ಬಜೆಟ್ ಹಾಕ್ಬ್ಯಾಡ್ರಿ. ಡೀಲರ್ ಟ್ಯಾಕ್ಸ್ ಕಟ್ಟೋಕಿಂತ ಮೊದಲ ಸಿಡಿ ನಂಬರ್ ಅವನ ಕೈಯಾಗ ಇರ್ಬೇಕು. ಮತ್ತ ಸಿಡಿ ಅಪ್ಪನ ಹೆಸರಿಗಿ ಬರ್ತದ, ಹೊಸ ಗಾಡಿ ನಿಮ್ಮ ಹೆಸರಿಗಿ ತಗೊಳ್ಳೋದಿದ್ರ ಬೋನಸ್ ನಡೀತದೇನು ಅಂತ ಈಗೇ ಬರವಣಿಗಿದಾಗ ಕೇಳ್ರಿ.

ಎರಡರಾಗ ಒಂದೇ ಅಂತ ಮ್ಯಾನೇಜರ್ ಹೇಳಿದ್ದು ಮಾತ್ರ ಖರೆ. 2024ರ ಆಗಸ್ಟ್‌ನಾಗ ಕೇಂದ್ರ ಸಾರಿಗಿ ಮಂತ್ರಿ ಗಡ್ಕರಿಯವ್ರ ಜೊತಿ ಮೀಟಿಂಗ್ ಆಗಿ ಕಾರ್ ಕಂಪನಿಗಳು ಒಪ್ಕೊಂಡಾಗ ಎಕ್ಸ್‌ಶೋರೂಮ್ ಬೆಲೆಯ 1.5 ಪರ್ಸೆಂಟ್ ಇಲ್ಲಾ 20 ಸಾವಿರ, ಯಾವುದು ಕಮ್ಮಿನೋ ಅದು, ಆರು ತಿಂಗಳೊಳಗ ಸ್ಕ್ರಾಪ್ ಆದ ಗಾಡಿಗಿ ಅಂತ ಇತ್ತು, ಅದೂ ಒಂದು ವರ್ಷಕ್ಕ. ಈಗಿನ 25 ಸಾವಿರ ಅನ್ನೋದು ಕಂಪನಿ ತಿಂಗಳ ತಿಂಗಳ ಹಾಕೋ ಆಫರ್. ಮುಂದಿನ ತಿಂಗಳು ಬದಲಾಗಬಹುದು, ಸ್ಕ್ರಾಪ್‌ಗೆ ಮೂರು ವಾರ ಹಿಡದ್ರ ಆಫರ್ ಇರ್ತದೇನು ಅಂತ ಬುಕಿಂಗ್ ಫಾರ್ಮ್ ಮ್ಯಾಲೇ ಬರೆಸ್ಕೋರಿ. ಹಾಂ, ಗಾಡಿ ಒಪ್ಪಿಸೋ ಮುಂಚೆ ಚಾಸಿ ನಂಬರ್, ಓಡೋಮೀಟರ್, ನಾಕೂ ಕಡಿಂದ ಫೋಟೋ ತಗೋರಿ.

ಸುರಪುರ_ನಾಡ:

ನಾ ಬ್ಯಾರೆ ಮಾತ್ ಹೇಳ್ತೀನ್ರಿ. ಓಡೋ ಗಾಡಿ ಯಾಕ ಮುರೀತೀರಿ? ಯಾದಗಿರಿ ಕಡೆ ಹಳ್ಳ್ಯಾಗ ಹಳೆ ಆಲ್ಟೊಗ ಇನ್ನೂ ಗಿರಾಕಿ ಅದಾರ, ಪಾರ್ಟ್ಸ್ ಎಲ್ಲಾ ಕಡೆ ಸಿಗ್ತಾವ, ಮಿಸ್ತ್ರಿಗೂ ಕೈಗಿ ಬಂದ ಗಾಡಿ. ಆರ್‌ಸಿ ರಿನೀವಲ್‌ಗೆ ಫೀ 5,000, ಐದು ವರ್ಷ ನಡೀತದ. ಮುಗಿಯೋಕ 60 ದಿನ ಮೊದ್ಲ ಅರ್ಜಿ ಹಾಕಬಹುದು, ತಡ ಮಾಡಿದ್ರ ತಿಂಗಳಿಗಿ 500 ದಂಡ. ನಮ್ಮ ಕಾಕಾ ರಿನೀವಲ್ ಮಾಡ್ಸಿ, ಬಾಗಿಲಿಗಿ ತಗಡು ಬಡ್ಸಿ, 62 ಸಾವಿರಕ್ಕ ಮಾರ್ಯಾರ. ಖರ್ಚು ತೆಗದ್ರೂ ಶೋರೂಮ್‌ದವ್ರು ಕೊಡೋ 35ಕ್ಕಿಂತ ಛಲೋ ಆಯ್ತು.

ಬೀದರ್‌ಕೋಟಿ:

ನಿಮ್ಮ ಕಾಕಾನ ಗಾಡಿ ಗಟ್ಟಿ ಇತ್ತು ಕಾಣ್ತದ, ಅದಕ ಆಯ್ತು. ಇವ್ರದ್ದು ಬಟ್ಟು ಒಳಗ ಹೋಗೋವಷ್ಟು ತುಕ್ಕು, ಇಂಜಿನ್ ಬ್ಯಾರೆ ಕಾಯ್ತದ. ಅಂಥಾದ್ದನ್ನ ಬಣ್ಣ ಹಚ್ಚಿ ಹಳ್ಳಿ ಮಂದಿಗಿ ಮಾರೋದು ನನಗ ಸರಿ ಅನ್ಸಂಗಿಲ್ಲ, ಅದ್ರಾಗ ಅವ್ರ ಮಕ್ಕಳೂ ಕೂಡ್ತಾವ.

ಲೆಕ್ಕಪತ್ರ_ಅಕ್ಕ:

ನಾನು ಕಲಬುರಗಿಯಲ್ಲೇ ಅಕೌಂಟ್ಸ್ ಕೆಲ್ಸ ಮಾಡೋದು, ಆರು ವರ್ಷ ಒಂದು ಡೀಲರ್ ಹತ್ರಾನೂ ಇದ್ದೆ, ಅದಕ್ಕೇ ನಿಮ್ಮ ಚೀಟಿ ನೋಡಿ ಬರೀತಿದ್ದೀನಿ ತಮ್ಮಾ.

ಆ 60 ಸಾವಿರ ಡಿಸ್ಕೌಂಟ್ ಶೋರೂಮ್‌ದು ಅಲ್ಲವೇ ಅಲ್ಲ. 2025ರ ಸೆಪ್ಟೆಂಬರ್ 22ರಿಂದ ನಾಕು ಮೀಟರ್ ಒಳಗಿನ, 1200 ಸಿಸಿ ತನಕದ ಪೆಟ್ರೋಲ್ ಕಾರಿಗೆ ಜಿಎಸ್‌ಟಿ 28ರಿಂದ 18ಕ್ಕೆ ಇಳೀತು, ಮೇಲಿದ್ದ 1 ಪರ್ಸೆಂಟ್ ಸೆಸ್ಸೂ ಹೋಯ್ತು. 7,08,000ನ 1.29ರಿಂದ ಭಾಗ್ಸಿ 1.18ರಿಂದ ಗುಣ್ಸಿ ನೋಡಿ, 6,48,000ದ ಹತ್ರಾನೇ ಬರುತ್ತೆ. ಸರ್ಕಾರ ಬಿಟ್ಟ ತೆರಿಗೇನ ತಮ್ಮ ಉಪಕಾರ ಅಂತ ಹೇಳ್ತಿದ್ದಾರೆ. ನಿಮ್ಮ ಮಾತುಕತೆ 6,48,000ದಿಂದ ಕೆಳಗೆ ಶುರುವಾಗಬೇಕು.

ಆರ್‌ಟಿಒ ಲೆಕ್ಕ ಮನೇಲೇ ಹಾಕಿ. ಕರ್ನಾಟಕದಲ್ಲಿ 5ರಿಂದ 10 ಲಕ್ಷದ ಕಾರಿಗೆ ಲೈಫ್‌ಟೈಮ್ ಟ್ಯಾಕ್ಸ್ 14 ಪರ್ಸೆಂಟ್, ಅಂದ್ರೆ 90,720. ಆ ಟ್ಯಾಕ್ಸ್ ಮೇಲೆ 11 ಪರ್ಸೆಂಟ್ ಸೆಸ್, 9,979. ಒಟ್ಟು 1,00,699. ನೋಂದಣಿ ಫೀ, ಸಣ್ಣಪುಟ್ಟದ್ದು ಸೇರ್ಸಿದ್ರೂ 1,12,000 ಹೆಂಗಾಗುತ್ತೆ ಅಂತ ಕೇಳಿ, ಕಟ್ಟಿದ ರಸೀದಿ ಪ್ರಕಾರಾನೇ ಕೊಡ್ತೀನಿ ಅನ್ನಿ. ಬೇರೆ ಓದೋರಿಗೂ ಒಂದು ಮಾತು, 10 ಲಕ್ಷ ದಾಟಿದ್ರೆ ಟ್ಯಾಕ್ಸ್ 17 ಪರ್ಸೆಂಟ್ ಆಗುತ್ತೆ. 9,98,000ದ ವೇರಿಯಂಟ್ ಬಿಟ್ಟು 10,05,000ದ್ದು ತಗೊಂಡ್ರೆ ಟ್ಯಾಕ್ಸ್ ಸೆಸ್ ಎರಡೂ ಸೇರಿ 34 ಸಾವಿರದ ಮೇಲೆ ಹೆಚ್ಚು ಬೀಳುತ್ತೆ, ಒಂದು ಸನ್‌ರೂಫ್ ಆಸೆಗೆ ಎಷ್ಟೋ ಜನ ಇದನ್ನ ನೋಡೋದೇ ಇಲ್ಲ.

ಇನ್ಶೂರೆನ್ಸ್ ಅವರ ಹತ್ರಾನೇ ಮಾಡಿಸ್ಬೇಕು ಅನ್ನೋ ಕಾನೂನಿಲ್ಲ. ಎರಡು ಕಡೆ ಹೊರಗಿನ ಕೊಟೇಷನ್ ತಗೊಂಡು ಅದೇ ಕವರ್‌ಗೆ ಅಂತ ಮುಂದಿಡಿ, ಅಲ್ಲೇ ಇಳಿಸ್ತಾರೆ, ಅದ್ರಲ್ಲಿ ಅವರಿಗೆ ಕಮಿಷನ್ ಇರುತ್ತೆ. ನಿಮ್ಮ ಆಲ್ಟೊ ಇನ್ಶೂರೆನ್ಸ್ ಕ್ಲೇಮ್ ಇಲ್ದೆ ನಡ್ಕೊಂಡು ಬಂದಿದ್ರೆ ನೋ ಕ್ಲೇಮ್ ಬೋನಸ್ ಐದು ವರ್ಷಕ್ಕೆ 50 ಪರ್ಸೆಂಟ್ ತನಕ ಆಗಿರುತ್ತೆ. ಅದು ಗಾಡೀದಲ್ಲ, ಮಾಲೀಕಂದು. ಗಾಡಿ ಕೊಟ್ಟಮೇಲೆ ಹಳೆ ಇನ್ಶೂರೆನ್ಸ್ ಕಂಪನಿಯಿಂದ ಪತ್ರ ತಗೊಂಡ್ರೆ ಹೊಸ ಗಾಡಿಯ ಓನ್ ಡ್ಯಾಮೇಜ್ ಪ್ರೀಮಿಯಂನಲ್ಲಿ, ಅಂದ್ರೆ ನಮ್ಮ ಗಾಡಿಗೇ ಆಗೋ ಹಾನಿಗೆ ಕಟ್ಟೋ ಭಾಗದಲ್ಲಿ, ಕಳೀತಾರೆ. ಆದ್ರೆ ಅಪ್ಪನ ಹೆಸರಲ್ಲಿದ್ದದ್ದು ನಿಮ್ಮ ಹೆಸರಿಗೆ ಹಂಗೇ ಬರೋಲ್ಲ. ಸಿಡಿನೂ ಅಪ್ಪನ ಹೆಸರಿಗೇ ಬರೋದ್ರಿಂದ, ಹೊಸ ಗಾಡೀನೂ ಅಪ್ಪನ ಹೆಸರಲ್ಲೇ ತಗೊಂಡ್ರೆ ಹೆಂಗೆ ಅಂತ ಮನೇಲಿ ಯೋಚ್ನೆ ಮಾಡಿ.

ಹ್ಯಾಂಡ್ಲಿಂಗ್ 8,500 ಕೊಡ್ಬೇಡಿ. ಗಾಡಿ ನಿಮ್ಮ ಊರಿನ ಶೋರೂಮ್ ತನಕ ತರೋ ಖರ್ಚು ಎಕ್ಸ್‌ಶೋರೂಮ್ ಬೆಲೇಲೇ ಬಂದಿರುತ್ತೆ. ಗಲಾಟೆ ಏನೂ ಬೇಡ, ಇದು ತೆಗೆದು ಹೊಸ ಚೀಟಿ ಕೊಡಿ ಅಂತ ಸಮಾಧಾನದಿಂದ ಕೂತ್ಕೊಳ್ಳಿ, ತೆಗೀತಾರೆ. ಅಕ್ಸೆಸರೀಲಿ ಮ್ಯಾಟು, ಮಡ್‌ಫ್ಲಾಪ್ ಸಾಕು, ಸೀಟ್ ಕವರ್ ಸೂಪರ್ ಮಾರ್ಕೆಟ್ ಕಡೆ ಅರ್ಧ ರೇಟಿಗೆ ಹಾಕ್ಸಬಹುದು. ಅದು ಫ್ರೀ ಇದು ಫ್ರೀ ಅನ್ನೋ ಮಾತಿಗೆ ಹೋಗ್ದೆ, ಎಲ್ಲಾ ಸೇರಿ ಕೀಲಿಕೈ ಕೈಗೆ ಬರೋಕೆ ಎಷ್ಟು ಅನ್ನೋ ಒಂದೇ ನಂಬರ್ ಮೇಲೆ ಚೌಕಾಸಿ ಮಾಡಿ. ತಿಂಗಳ ಕೊನೇ ವಾರ ಹೋಗಿ, ಟಾರ್ಗೆಟ್ ಒತ್ತಡ ಆಗ ಇರುತ್ತೆ. ಅವಸರ ಇಲ್ದೆ ಇದ್ರೆ ಆಷಾಢದಲ್ಲಿ ಇನ್ನೂ ಮಾತಿಗೆ ಸಿಗ್ತಾರೆ, ಆದ್ರೆ ನಿಮ್ಮ ಆರ್‌ಸಿ ಮಾರ್ಚ್‌ಗೆ ಮುಗಿಯುತ್ತಲ್ಲ.

ರಿಜಿಸ್ಟ್ರೇಷನ್ ಆಗೋ ಮೊದಲು ಯಾರ್ಡ್‌ಗೆ ಹೋಗಿ ಗಾಡಿ ನೋಡಿ. ಕಂಪನಿ ಕೊಡೋ ಫಾರ್ಮ್ 22 ಅನ್ನೋ ಸರ್ಟಿಫಿಕೇಟ್‌ನಲ್ಲಿ ತಯಾರಾದ ತಿಂಗಳು ಇರುತ್ತೆ. ಟೈರ್ ಪಕ್ಕ ನಾಕು ಅಂಕಿ ಇರುತ್ತೆ, 4125 ಅಂದ್ರೆ 2025ರ 41ನೇ ವಾರದ ಟೈರು. ಹೋದ ವರ್ಷ ತಯಾರಾದ ಗಾಡಿ ಆದ್ರೆ ತಗೋಬಾರ್ದು ಅಂತಲ್ಲ, ಅದಕ್ಕೆ ಬೇರೆ ಡಿಸ್ಕೌಂಟ್ ಕೇಳೋ ಹಕ್ಕು ನಿಮಗಿದೆ.

ಸೇಡಂರೋಡ್_32:

ಅಕ್ಕೋರೆ, ಬೀದರ್ ಅಣ್ಣೋರೆ, ಭಾಳ ಉಪಕಾರ ಆಯ್ತು. ಸಹಿ ಹಾಕಿದ ಫಾರ್ಮ್ ನಿನ್ನೆ ಸಂಜಿಕೇ ಶೋರೂಮ್‌ನಾಗ ಕೊಟ್ಟು ಬಂದಿದ್ದೆ, ಹೆದ್ರಿಕಿ ಆಗಿ ಇವತ್ತು ಬಾಗಿಲು ತೆಗಿಯೋದ್ರಾಗ ಹೋಗಿ ಹೊಳ್ಳಿ ಇಸ್ಕೊಂಡೀನಿ, ಅಪ್ಪ ಅಲ್ಲೇ ಹರದು ಕಿಸೆದಾಗ ಇಟ್ಕೊಂಡ್ರು. ಯಾರ್ಡ್‌ಗೂ ಹೋಗಿದ್ವಿ. ನನಗಂತ ಇಟ್ಟ ಬಿಳಿ ಗಾಡಿ ಟೈರ್ ಮ್ಯಾಲ ಧೂಳು ಒರಸಿ ನೋಡಿದ್ರ 3825 ಅದ. ಮ್ಯಾನೇಜರ್‌ಗ ತೋರಿಸ್ದೆ, ಸ್ವಲ್ಪ ಹೊತ್ತು ಸುಮ್ನ ನಿಂತು ಹ್ಯಾಂಡ್ಲಿಂಗ್ ತೆಗದು, ಅಕ್ಸೆಸರಿ 6,000ಕ್ಕ ಇಳಿಸಿ, ಆರ್‌ಟಿಒ ರಸೀದಿ ಪ್ರಕಾರ ಅಂತ ಹೊಸ ಚೀಟಿ ಬರದು ಕೊಟ್ಟಾರ. ಹಳೆ ಸ್ಟಾಕ್‌ಗ ಬ್ಯಾರೆ ಎಷ್ಟು ಬಿಡ್ತಾರ ಅಂತ ಸೋಮವಾರ ಹೇಳ್ತಾರಂತ.

ಗಾಡಿ ಸ್ಕ್ರಾಪ್‌ಗೇ ಹಾಕೋದು ಅಂತ ಅಪ್ಪ ಗಟ್ಟಿ ಆಗ್ಯಾರ, ಹೊಸದು ಅವ್ರ ಹೆಸರಿಗೇ. ಅಪ್ಪನ ಹಳೆ ಮೊಬೈಲ್ ನಂಬರ್ ಆರ್‌ಸಿಗಿ ಜೋಡಿಸ್ಯಾದ, ಆ ಸಿಮ್ ಬಂದ್ ಆಗ್ಯಾದ, ಸ್ಕ್ರಾಪ್ ಅರ್ಜಿಗಿ ಒಟಿಪಿ ಬರವಲ್ದು. ನಂಬರ್ ಬದಲು ಮಾಡ್ಸೋಕ ಆಧಾರ್ ಸಾಕೇನು, ಆರ್‌ಟಿಒಕ್ಕೇ ಹೋಗ್ಬೇಕೇನು, ಯಾರಾದ್ರೂ ಇತ್ತೀಚಿಗಿ ಮಾಡ್ಸಿದ್ರ ಹೇಳ್ರಿ.